ಸುನ್ನತಿ ಮತ್ತು ಲೈಂಗಿಕ ಸಂವೇದನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸುನ್ನತಿಯಲ್ಲಿ ನಿಜವಾಗಿ ಕತ್ತರಿಸಿ ತೆಗೆಯುವುದು ಏನನ್ನು?

ಶಿಶ್ನದ ತುದಿಯ ಗುಂಡನೆಯ ಭಾಗಕ್ಕೆ ಶಿಶ್ನಮಣಿ ಎನ್ನುತ್ತಾರೆ. ಅದನ್ನು ಮುಚ್ಚಿಕೊಂಡಿರುವ ಚರ್ಮವೇ ಮುಂದೊಗಲು. ನೋಡಲು ಒಂದೇ ಚರ್ಮದಂತೆ ಕಂಡರೂ ಅದು ಒಳಕ್ಕೆ ಮಡಚಿದ ಎರಡು ಪದರ. ಹೊರಪದರ ಶಿಶ್ನದ ಕಾಂಡಭಾಗದ ಚರ್ಮವೇ ಮುಂದುವರಿದದ್ದು. ಒಳಪದರ ತುಟಿಯ ಒಳಮೈಯಂತೆ ನುಣುಪು, ತೇವ. ಎರಡೂ ಸೇರುವ ಅಂಚಿನ ಒಳಬದಿಯಲ್ಲಿ ಸಣ್ಣ ಸಣ್ಣ ಮಡಿಕೆಗಳ ಒಂದು ಪಟ್ಟಿ ಇದೆ. ಮಣಿಯ ಕೆಳಗಡೆ ಮುಂದೊಗಲನ್ನು ಹಿಡಿದಿಡುವ ತೆಳ್ಳನೆಯ ಎಳೆಗೆ ಫ್ರೆನುಲಮ್ ಎಂದು ಹೆಸರು.

ಸುನ್ನತಿಯಲ್ಲಿ ಹೊರಪದರದ ಸ್ವಲ್ಪ ಭಾಗ, ಒಳಪದರದ ಬಹುಭಾಗ ಮತ್ತು ಆ ಮಡಿಕೆಯ ಪಟ್ಟಿ ಹೋಗುತ್ತವೆ. ಫ್ರೆನುಲಮ್ ಉಳಿಯುತ್ತದೋ ಇಲ್ಲವೋ ಎನ್ನುವುದು ವಿಧಾನದ ಮೇಲೂ ಶಸ್ತ್ರವೈದ್ಯರ ಕೈಯ ಮೇಲೂ ನಿಂತಿದೆ. ಉಗಾಂಡಾದ ರಕಾಯ್ ಜಿಲ್ಲೆಯಲ್ಲಿ ವಯಸ್ಕರಿಂದ ತೆಗೆದ ಮುಂದೊಗಲನ್ನು ಅಳೆದಾಗ ಸರಾಸರಿ ಸುಮಾರು 37 ಚದರ ಸೆಂ.ಮೀ. ಬಂದಿತ್ತು, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಈ ಅಳತೆ ಬಹಳ ಬದಲಾಗುತ್ತಿತ್ತು. ಆದ್ದರಿಂದ ಇಬ್ಬರು ಗಂಡಸರಿಗೆ ಒಂದೇ ಹೆಸರಿನ ಶಸ್ತ್ರಕ್ರಿಯೆ ಆಗಿದ್ದರೂ ಅವರು ಕಳೆದುಕೊಂಡದ್ದು ಒಂದೇ ಆಗಿರಬೇಕೆಂದಿಲ್ಲ. ಮುಂದಿನ ಎಷ್ಟೋ ಗೊಂದಲಗಳ ಬೇರು ಇಲ್ಲಿಯೇ ಇದೆ.

ಮುಂದೊಗಲಿನಲ್ಲಿ 20,000 ನರತುದಿಗಳಿವೆ ಎನ್ನುತ್ತಾರೆ, ನಿಜವೇ?

ಈ ಅಂಕಿಯನ್ನು ಯಾರೂ ಎಣಿಸಿ ಹೇಳಿದ್ದಲ್ಲ. 1932ರ ಒಂದು ಅಧ್ಯಯನದಲ್ಲಿ ಮುಂದೊಗಲಿನ ಚಿಕ್ಕ ತುಂಡೊಂದರ ನರತುದಿಗಳನ್ನು ಎಣಿಸಿದ್ದರು. ಮುಂದೆ ಯಾರೋ ಅದನ್ನು ಇಡೀ ಮುಂದೊಗಲಿನ ವಿಸ್ತಾರದಿಂದ ಗುಣಿಸಿದರು, ಸಂಖ್ಯೆ ಜನಪ್ರಿಯವಾಯಿತು. ಎಲ್ಲ ಕಡೆ ನರಗಳ ದಟ್ಟಣೆ ಒಂದೇ ಇರುವುದಿಲ್ಲವಾದ್ದರಿಂದ ಈ ಗುಣಾಕಾರಕ್ಕೆ ಅರ್ಥವಿಲ್ಲ.

ಹಾಗೆಂದು ಮುಂದೊಗಲು ಬರಿಯ ಚರ್ಮದ ಚೀಲವೂ ಅಲ್ಲ. 1996ರಲ್ಲಿ ಟೇಲರ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಮಡಿಕೆಯ ಪಟ್ಟಿಯಲ್ಲಿ ಮೈಸ್ನರ್ ಕಣಗಳು ಸಾಕಷ್ಟು ಕಂಡವು. ಬೆರಳ ತುದಿಯಲ್ಲಿ, ತುಟಿಯಲ್ಲಿ ಹಗುರ ಸ್ಪರ್ಶವನ್ನು ಗ್ರಹಿಸುವ ಕಣಗಳೇ ಇವು. ಶಿಶ್ನಮಣಿಯ ಕತೆ ಬೇರೆ. ಅಲ್ಲಿ ಹೆಚ್ಚಾಗಿ ಇರುವುದು ಕವಚವಿಲ್ಲದ ಬಿಡಿ ನರತುದಿಗಳು ಮತ್ತು ಜನನಾಂಗಕ್ಕೇ ವಿಶೇಷವಾದ ಕೆಲವು ಕಣಗಳು. ಒತ್ತಡ, ಉಜ್ಜುವಿಕೆ, ಬಿಸಿ, ನೋವು ಅಲ್ಲಿ ಚೆನ್ನಾಗಿ ತಿಳಿಯುತ್ತವೆ, ಗರಿ ಸೋಕಿದಂಥ ಸ್ಪರ್ಶ ಅಷ್ಟಾಗಿ ತಿಳಿಯುವುದಿಲ್ಲ.

ಹಾಗಾದರೆ ಸುನ್ನತಿಯಿಂದ ಸಂವೇದನೆ ಕಡಿಮೆಯಾಗುತ್ತದೆ ಎಂದೇ ಅರ್ಥವಲ್ಲವೇ?

‘ಸಂವೇದನೆ’ ಎಂಬ ಒಂದೇ ಮಾತಿನೊಳಗೆ ಕಡೇಪಕ್ಷ ಮೂರು ಸಂಗತಿಗಳು ಸೇರಿಕೊಂಡಿವೆ. ಚರ್ಮಕ್ಕೆ ಎಷ್ಟು ಹಗುರವಾದ ಸ್ಪರ್ಶ ತಿಳಿಯುತ್ತದೆ ಎನ್ನುವುದು ಒಂದು. ಸಂಭೋಗದ ಹೊತ್ತಿನಲ್ಲಿ ಎಷ್ಟು ಸುಖ ಎನಿಸುತ್ತದೆ ಎನ್ನುವುದು ಇನ್ನೊಂದು. ಸ್ಖಲನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ಮತ್ತೊಂದು. ಇವು ಒಂದರ ಹಿಂದೆ ಒಂದು ನಡೆಯುವ ಗಾಡಿಗಳಲ್ಲ.

ಮೊದಲನೆಯದರ ಮಟ್ಟಿಗೆ ಉತ್ತರ ಸರಳ. ತೆಗೆದುಹಾಕಿದ ಚರ್ಮಕ್ಕಿದ್ದ ಸ್ಪರ್ಶಜ್ಞಾನ ಅದರೊಡನೆಯೇ ಹೋಯಿತು. ಇದರಲ್ಲಿ ವಾದಕ್ಕೆ ಜಾಗವಿಲ್ಲ. ನಿಜವಾದ ಪ್ರಶ್ನೆ ಉಳಿದ ಭಾಗದ್ದು: ಮಣಿ, ಕಾಂಡ ಮತ್ತು ಗಾಯದ ಗೆರೆಯ ಸುತ್ತ ಏನಾಗುತ್ತದೆ?

ಅಳೆದು ನೋಡಿದವರಿಗೆ ಏನು ಸಿಕ್ಕಿದೆ?

ಅಳೆಯುವ ಸಾಧನ ಬಹಳ ಸರಳ. ಇಂತಿಷ್ಟೇ ಒತ್ತಡಕ್ಕೆ ಬಾಗುವ ನೈಲಾನ್ ಎಳೆಗಳನ್ನು ಚರ್ಮಕ್ಕೆ ಮುಟ್ಟಿಸಿ, ಯಾವ ಎಳೆಯಿಂದ ಸ್ಪರ್ಶ ತಿಳಿಯತೊಡಗಿತು ಎಂದು ಬರೆದುಕೊಳ್ಳುತ್ತಾರೆ. ಮಧುಮೇಹಿಗಳ ಪಾದ ಪರೀಕ್ಷೆಗೂ ಬಳಸುವುದು ಇದೇ ಬಗೆಯ ಎಳೆ.

2007ರಲ್ಲಿ ಸೊರೆಲ್ಸ್ ಮತ್ತು ಸಂಗಡಿಗರು 159 ಗಂಡಸರನ್ನು ಹೀಗೆ ಪರೀಕ್ಷಿಸಿ, ಹಗುರ ಸ್ಪರ್ಶಕ್ಕೆ ಅತ್ಯಂತ ಸೂಕ್ಷ್ಮವಾದ ಜಾಗಗಳು ಮುಂದೊಗಲಿನಲ್ಲೇ ಇವೆ, ಸುನ್ನತಿಯಾದವರಲ್ಲಿ ಹೆಚ್ಚು ಸೂಕ್ಷ್ಮವಾದ ಜಾಗ ಗಾಯದ ಗೆರೆ ಎಂದು ವರದಿ ಮಾಡಿದರು. ಆ ಲೆಕ್ಕಾಚಾರದ ಸಂಖ್ಯಾಶಾಸ್ತ್ರದ ಮೇಲೆ ಆಕ್ಷೇಪಗಳೂ ಬಂದವು. ಅದೇ ವರ್ಷ ಪೇಯ್ನ್ ಮತ್ತು ಸಂಗಡಿಗರು 40 ಮಂದಿಯನ್ನು, ಎರಡೂ ಗುಂಪಿನಿಂದ 20ರಂತೆ, ಲೈಂಗಿಕ ಉದ್ರೇಕದ ಸ್ಥಿತಿಯಲ್ಲೂ ಪರೀಕ್ಷಿಸಿದರು. ಮಣಿಯಲ್ಲಾಗಲಿ ಕಾಂಡದಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. 2016ರಲ್ಲಿ ಬೊಸಿಯೊ ಮತ್ತು ಸಂಗಡಿಗರು ಕೆನಡಾದಲ್ಲಿ 62 ಮಂದಿಯ ಮೇಲೆ ಸ್ಪರ್ಶದ ಜತೆಗೆ ನೋವು, ಬೆಚ್ಚಗಿನ ತಾಪ, ಸುಡುವ ತಾಪಗಳನ್ನೂ ಅಳೆದರು. ಮುಂದೊಗಲು ಹಗುರ ಸ್ಪರ್ಶಕ್ಕೆ ಹೆಚ್ಚು ಸೂಕ್ಷ್ಮ ಎಂಬುದು ಇಲ್ಲೂ ಕಂಡಿತು. ಆದರೆ ಉಳಿದ ಜಾಗಗಳಲ್ಲಿ ಸುನ್ನತಿಯಾದವರಿಗೂ ಆಗದವರಿಗೂ ಅಂತರ ಕಾಣಲಿಲ್ಲ.

ನಾವು ಇವನ್ನೆಲ್ಲ ಓದುವುದು ಹೀಗೆ: ಮುಂದೊಗಲು ಹಗುರ ಸ್ಪರ್ಶದ ಅಂಗ, ಅದು ಹೋದರೆ ಆ ಸ್ಪರ್ಶ ಹೋಗುತ್ತದೆ. ಉಳಿದ ಶಿಶ್ನ ಮರಗಟ್ಟುತ್ತದೆ ಎನ್ನಲು ಅಳತೆಯ ಆಧಾರ ದುರ್ಬಲ. ಮೃದುವಾದ ನೈಲಾನ್ ಎಳೆಗೂ ಸಂಭೋಗಕ್ಕೂ ಇರುವ ದೂರವನ್ನು ಮಾತ್ರ ಯಾರೂ ಮರೆಯಬಾರದು.

ಮಣಿ ಸದಾ ಬಟ್ಟೆಗೆ ಉಜ್ಜಿ ಉಜ್ಜಿ ಒರಟಾಗುವುದಿಲ್ಲವೇ?

ಮುಚ್ಚಿಗೆ ಹೋದ ಮೇಲೆ ಮಣಿಯ ಮೇಲ್ಮೈ ಒಣಗುತ್ತದೆ, ಹೊಳಪು ಬದಲಾಗುತ್ತದೆ. ಬರಿಗಣ್ಣಿಗೆ ಕಾಣುವಂಥದ್ದು ಇದು. ಅಂಗಾಲಿನ ಚರ್ಮದಂತೆ ದಪ್ಪ ಪದರ ಬೆಳೆಯುತ್ತದೆ ಎಂಬ ಮಾತಿಗೆ ಮಾತ್ರ ಗಟ್ಟಿ ಪುರಾವೆಯಿಲ್ಲ. ಕೆಲವೇ ಮಂದಿಯ ಅಂಗಾಂಶವನ್ನು ಹೋಲಿಸಿದ 2000ದ ಒಂದು ವರದಿಯಲ್ಲಿ ಮಣಿಯ ಕೆರಾಟಿನ್ ಪದರ (ಚರ್ಮದ ಗಟ್ಟಿ ಮೇಲ್ಪದರ) ಎರಡೂ ಗುಂಪಿನಲ್ಲಿ ಒಂದೇ ತೆರನಾಗಿತ್ತು.

ವಯಸ್ಕರಾಗಿ ಮಾಡಿಸಿಕೊಂಡವರು ಹೇಳುವುದಕ್ಕೆ ಬೇರೆ ವಿವರಣೆ ಸಾಕಾಗುತ್ತದೆ. ಮೊದಲ 2–3 ವಾರ ಚಡ್ಡಿ ಸೋಕಿದರೂ ಕಿರಿಕಿರಿ, ಆಮೇಲೆ ಅದು ಗೊತ್ತೇ ಆಗುವುದಿಲ್ಲ. ಹೊಸ ಉಂಗುರ ತೊಟ್ಟ ದಿನ ಬೆರಳಿಗೆ ತಿಳಿಯುತ್ತಿರುತ್ತದೆ, ತಿಂಗಳಾದ ಮೇಲೆ ತಿಳಿಯುವುದಿಲ್ಲ. ಬೆರಳಿನ ನರ ಸತ್ತದ್ದರಿಂದಲ್ಲ, ಬದಲಾಗದ ಸ್ಪರ್ಶವನ್ನು ಮಿದುಳು ಬದಿಗಿಡುವುದರಿಂದ.

ಸಾವಿರಾರು ಜನರ ಮೇಲೆ ನಡೆದ ಪ್ರಯೋಗಗಳು ಏನು ಹೇಳುತ್ತವೆ?

ಎಚ್‌ಐವಿ ತಡೆಗೆ ಸುನ್ನತಿ ನೆರವಾಗುತ್ತದೆಯೇ ಎಂದು ನೋಡಲು ಆಫ್ರಿಕಾದಲ್ಲಿ ನಡೆದ ಪ್ರಯೋಗಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅವುಗಳಲ್ಲಿ ಯಾರಿಗೆ ಈಗಲೇ ಸುನ್ನತಿ, ಯಾರಿಗೆ ಎರಡು ವರ್ಷ ಬಿಟ್ಟು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು.

ಕೀನ್ಯಾದ ಕಿಸುಮುವಿನಲ್ಲಿ 18ರಿಂದ 24 ವಯಸ್ಸಿನ 2,784 ಯುವಕರಿದ್ದರು. ಎರಡು ವರ್ಷದ ಕೊನೆಗೆ ಸುನ್ನತಿಯಾದವರಲ್ಲಿ 64% ಮಂದಿ ಶಿಶ್ನ ಮೊದಲಿಗಿಂತ ಬಹಳ ಸೂಕ್ಷ್ಮವಾಗಿದೆ ಎಂದರು. ಸುನ್ನತಿಯ ಪರವಾಗಿ ಮಾತಾಡುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನೂ ನೋಡಬೇಕು. ಆರಂಭದಲ್ಲಿ ಎರಡೂ ಗುಂಪಿನ ಸುಮಾರು ಕಾಲುಭಾಗ ಮಂದಿ ಒಂದಲ್ಲ ಒಂದು ಲೈಂಗಿಕ ತೊಂದರೆ ಹೇಳಿಕೊಂಡಿದ್ದರು. ಎರಡು ವರ್ಷದ ಹೊತ್ತಿಗೆ ಅದು ಎರಡೂ ಗುಂಪಿನಲ್ಲಿ 6%ರ ಆಸುಪಾಸಿಗೆ ಇಳಿದಿತ್ತು. ಶಸ್ತ್ರಕ್ರಿಯೆ ಆಗದವರಿಗೂ ಅಷ್ಟೇ ಸುಧಾರಣೆ! ಪದೇ ಪದೇ ಆರೋಗ್ಯ ಕಾರ್ಯಕರ್ತರೊಡನೆ ಮಾತಾಡುವುದು, ವಯಸ್ಸು, ಅನುಭವ ಇವೆಲ್ಲ ಸೇರಿ ಉತ್ತರಗಳನ್ನು ಬದಲಿಸುತ್ತವೆ.

ರಕಾಯ್ ಪ್ರಯೋಗದಲ್ಲಿ ಎರಡು ವರ್ಷದ ನಂತರ ಲೈಂಗಿಕ ತೃಪ್ತಿ ಇದೆ ಎಂದವರು ಸುನ್ನತಿಯಾದವರಲ್ಲಿ 98.4%, ಆಗದವರಲ್ಲಿ 99.9%. ಸಂಖ್ಯಾಶಾಸ್ತ್ರದ ಕಣ್ಣಿಗೆ ಇದು ವ್ಯತ್ಯಾಸ, ಬದುಕಿನ ಲೆಕ್ಕದಲ್ಲಿ ತೀರಾ ಚಿಕ್ಕದು. ಆದರೆ ಹೆಚ್ಚುಕಡಿಮೆ ನೂರಕ್ಕೆ ನೂರು ಮಂದಿ ‘ತೃಪ್ತಿ ಇದೆ’ ಎನ್ನುವ ಪ್ರಶ್ನೆಯಿಂದ ಸೂಕ್ಷ್ಮ ಬದಲಾವಣೆಯನ್ನು ಹಿಡಿಯುವುದು ಕಷ್ಟ. ಆ ಪ್ರಶ್ನಾವಳಿಯ ಜರಡಿ ದಪ್ಪಕಣ್ಣಿನದು.

ಮತ್ತೆ ಕೆಲವು ಅಧ್ಯಯನಗಳು ತೊಂದರೆ ಇದೆ ಎನ್ನುವುದೇಕೆ?

ದಕ್ಷಿಣ ಕೊರಿಯಾದ 2007ರ ಸಮೀಕ್ಷೆಯೊಂದರಲ್ಲಿ ಸುನ್ನತಿಯ ನಂತರ ಹಸ್ತಮೈಥುನದ ಸುಖ ಕಡಿಮೆಯಾಯಿತು ಎಂದವರು 48%, ಹೆಚ್ಚಾಯಿತು ಎಂದವರು 8%. ಡೆನ್ಮಾರ್ಕಿನ 2011ರ ಸಮೀಕ್ಷೆಯಲ್ಲಿ ಆಗಾಗ ಪರಾಕಾಷ್ಠೆ ತಲಪಲು ಕಷ್ಟವಾಗುತ್ತದೆ ಎಂದವರು ಸುನ್ನತಿಯಾದವರಲ್ಲಿ 11%, ಆಗದವರಲ್ಲಿ 4%. ಬೆಲ್ಜಿಯಂನ 2013ರ ಸಮೀಕ್ಷೆಯೂ ಮಣಿಯ ಸಂವೇದನೆ ಕಡಿಮೆ ಎಂದೇ ವರದಿ ಮಾಡಿತು.

ಇವನ್ನು ತಳ್ಳಿಹಾಕುವಂತಿಲ್ಲ, ಕಣ್ಣುಮುಚ್ಚಿ ಒಪ್ಪುವಂತೆಯೂ ಇಲ್ಲ. ಬೆಲ್ಜಿಯಂನಲ್ಲಿ ರೈಲು ನಿಲ್ದಾಣಗಳಲ್ಲಿ ಕರಪತ್ರ ಹಂಚಿ ಜನರನ್ನು ಕರೆದಿದ್ದರು. ಹಾಗೆ ಕರೆದಾಗ ಮನಸ್ಸಿನಲ್ಲಿ ಅಳಲು ಇರುವವರು ಮೊದಲು ಬರುತ್ತಾರೆ. ಸುನ್ನತಿ ವಿರಳವಾದ ದೇಶದಲ್ಲಿ ಅನೇಕರಿಗೆ ಅದಾಗಿರುವುದು ಬಿಗಿ ಮುಂದೊಗಲು, ಸೋಂಕುಗಳ ಕಾರಣಕ್ಕೆ. ಹೋಲಿಕೆ ಆಗುತ್ತಿರುವುದು ರೋಗವಿದ್ದವರಿಗೂ ಇಲ್ಲದವರಿಗೂ ಎಂದಾಗಿಬಿಡಬಹುದು. ಇತ್ತ ಆಫ್ರಿಕಾದ ಪ್ರಯೋಗಗಳಿಗೆ ಬಂದವರು ಸುನ್ನತಿಗೆ ಮೊದಲೇ ಒಪ್ಪಿದ್ದವರು. ಬೇಕೆಂದು ಮಾಡಿಸಿಕೊಂಡವನು ಅದನ್ನು ಒಳ್ಳೆಯದಾಯಿತು ಎನ್ನುವ ಸಂಭವ ಹೆಚ್ಚು. ಶಿಶುವಾಗಿದ್ದಾಗ, ಕೇಳದೆಯೇ ಸುನ್ನತಿಯಾದವರಿಗೆ ಹೋಲಿಸಿಕೊಳ್ಳಲು ‘ಮೊದಲು’ ಎಂಬುದೇ ಇಲ್ಲ.

2013ರಲ್ಲಿ ಮಾರಿಸ್ ಮತ್ತು ಕ್ರೀಗರ್ 36 ಪ್ರಕಟಣೆಗಳನ್ನು ಒಟ್ಟುಗೂಡಿಸಿ, ಗುಣಮಟ್ಟದ ಅಧ್ಯಯನಗಳಲ್ಲಿ ಕೆಟ್ಟ ಪರಿಣಾಮ ಕಾಣುವುದಿಲ್ಲ ಎಂದರು. ಇದನ್ನು ಒಪ್ಪದವರು ಗುಣಮಟ್ಟದ ಅಂಕ ಕೊಟ್ಟ ಬಗೆಯನ್ನೇ ಪ್ರಶ್ನಿಸುತ್ತಾರೆ. ಸರಾಸರಿಯಲ್ಲಿ ದೊಡ್ಡ ಹಾನಿ ಇಲ್ಲ ಎನ್ನುವುದು ನಮ್ಮ ಅಭಿಪ್ರಾಯವೂ ಹೌದು. ಆದರೆ ಸರಾಸರಿ ಎಂಬುದು ಕಳೆದುಕೊಂಡವರನ್ನೂ ಪಡೆದುಕೊಂಡವರನ್ನೂ ಕೂಡಿಸಿ ಭಾಗಿಸಿದ ಲೆಕ್ಕ.

ಶೀಘ್ರಸ್ಖಲನಕ್ಕೆ ಸುನ್ನತಿ ಮಾಡಿಸಿಕೊಂಡರೆ ಗುಣವಾಗುತ್ತದೆಯೇ?

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಐದು ದೇಶಗಳ 500 ಜೋಡಿಗಳು ಸ್ಟಾಪ್‌ವಾಚ್ ಹಿಡಿದು ಅಳೆದ 2005ರ ಅಧ್ಯಯನದಲ್ಲಿ ಸ್ಖಲನಕ್ಕೆ ಹಿಡಿದ ಮಧ್ಯಮ ಸಮಯ 5.4 ನಿಮಿಷ. ಬಹುತೇಕ ಎಲ್ಲ ಗಂಡಸರಿಗೂ ಸುನ್ನತಿಯಾಗಿರುವ ಟರ್ಕಿಯನ್ನು ಬಿಟ್ಟು ಲೆಕ್ಕ ಹಾಕಿದಾಗ ಸುನ್ನತಿಯಾದವರಿಗೆ 6.7 ನಿಮಿಷ, ಆಗದವರಿಗೆ 6.0 ನಿಮಿಷ. ಈ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು.

ಶೀಘ್ರಸ್ಖಲನಕ್ಕೆ ಕೆಲಸ ಮಾಡುವ ದಾರಿಗಳು ಬೇರೆ ಇವೆ. ಸ್ಖಲನದ ಅಂಚಿಗೆ ಬಂದಾಗ ನಿಲ್ಲಿಸಿ, ಉದ್ವೇಗ ಇಳಿದ ಮೇಲೆ ಮತ್ತೆ ಮುಂದುವರಿಸುವ ಅಭ್ಯಾಸ ಒಂದು. ಲಿಡೊಕೇನ್–ಪ್ರಿಲೊಕೇನ್ ಬೆರೆತ ಮುಲಾಮು ಅಥವಾ ಸ್ಪ್ರೇಯನ್ನು ಮೊದಲೇ ಹಚ್ಚಿ, ಸಂಭೋಗಕ್ಕೆ ಮುಂಚೆ ತೊಳೆಯುವುದು ಇನ್ನೊಂದು. ತೊಳೆಯದಿದ್ದರೆ ಸಂಗಾತಿಗೂ ಮರಗಟ್ಟುತ್ತದೆ. ವೈದ್ಯರು ಬರೆದುಕೊಟ್ಟರೆ ಡಪಾಕ್ಸೆಟಿನ್ 30 ಮಿ.ಗ್ರಾಂ ಮಾತ್ರೆಯನ್ನು 1ರಿಂದ 3 ಗಂಟೆ ಮುಂಚೆ ತೆಗೆದುಕೊಳ್ಳಬಹುದು. ಕೂತವರು ಎದ್ದಾಗ ತಲೆ ಸುತ್ತುವುದು ಇದರ ಗೊತ್ತಿರುವ ತೊಂದರೆ. ಹೃದ್ರೋಗ ಇರುವವರು, ಖಿನ್ನತೆಯ ಮಾತ್ರೆ ನುಂಗುತ್ತಿರುವವರು ತಾವಾಗಿ ಕೊಂಡು ತಿನ್ನಕೂಡದು. ಇವೆಲ್ಲ ಬೇಡವೆನಿಸಿದರೆ ನಿಲ್ಲಿಸಬಹುದು, ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು.

ಫ್ರೆನುಲಮ್ ಉಳಿಸಿಕೊಳ್ಳುವುದರಿಂದ ಪ್ರಯೋಜನವಿದೆಯೇ?

ಅನೇಕ ಗಂಡಸರು ಶಿಶ್ನದ ಅತ್ಯಂತ ಸುಖದ ಜಾಗ ಎಂದು ಬೆರಳಿಟ್ಟು ತೋರಿಸುವುದು ಮಣಿಯ ಕೆಳಬದಿಯ ಆ ಎಳೆ ಮತ್ತು ಅದರ ಸುತ್ತಲ ಪ್ರದೇಶವನ್ನೇ. ಹಾಗಾಗಿ ವಯಸ್ಕರು ಶಸ್ತ್ರಕ್ರಿಯೆಗೆ ಮುಂಚೆ ಇದನ್ನು ಸ್ಪಷ್ಟವಾಗಿ ಕೇಳಬೇಕು. ಎಳೆ ಗಿಡ್ಡವಾಗಿದ್ದು, ನಿಮಿರಿದಾಗ ಮಣಿಯನ್ನು ಕೆಳಕ್ಕೆ ಎಳೆಯುತ್ತಿದ್ದರೆ, ಪದೇ ಪದೇ ಹರಿದು ರಕ್ತ ಬರುತ್ತಿದ್ದರೆ ಅದನ್ನು ಬಿಡಿಸಲೇಬೇಕಾಗಬಹುದು. ಬರೀ ಎಳೆಯೇ ತೊಂದರೆಯಾಗಿದ್ದರೆ ಅಡ್ಡಕ್ಕೆ ಕೊಯ್ದು ಉದ್ದಕ್ಕೆ ಹೊಲಿಯುವ ಸಣ್ಣ ಕೆಲಸ ಸಾಕು, ಇಡೀ ಮುಂದೊಗಲು ಹೋಗಬೇಕಾಗಿಲ್ಲ.

ಮುಂದೊಗಲು ಬಿಗಿಯಾಗಿದೆ, ಸುನ್ನತಿ ಒಂದೇ ದಾರಿಯೇ?

ಅಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಿಲ್ಲ. ಬೀಟಾಮೆಥಸೋನ್ 0.05% ಮುಲಾಮನ್ನು ಬಿಗಿಯಾದ ಉಂಗುರದಂಥ ಜಾಗಕ್ಕೆ ತೆಳ್ಳಗೆ, ದಿನಕ್ಕೆ ಎರಡು ಸಲ, 4ರಿಂದ 8 ವಾರ ಹಚ್ಚಿ, ಸ್ನಾನದ ಹೊತ್ತಿನಲ್ಲಿ ನೋವಾಗದಷ್ಟು ಮಾತ್ರ ಹಿಂದಕ್ಕೆ ಸರಿಸುತ್ತಾ ಬಂದರೆ ಬಹಳ ಮಂದಿಗೆ ಸಡಿಲವಾಗುತ್ತದೆ. ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಕೆಲವರು ಮುಲಾಮನ್ನು ಮಣಿಗೆ ಹಚ್ಚಿರುತ್ತಾರೆ ಅಥವಾ ಹತ್ತೇ ದಿನಕ್ಕೆ ಬಿಟ್ಟಿರುತ್ತಾರೆ. ಜೋರಾಗಿ ಎಳೆದು ಹರಿದುಕೊಂಡರೆ ಗಾಯ ಒಣಗುವಾಗ ಮೊದಲಿಗಿಂತ ಬಿಗಿಯಾಗುತ್ತದೆ. ಹಿಂದೆ ಸರಿಸಿದ ಚರ್ಮವನ್ನು ಮುಂದಕ್ಕೆ ತರಲು ಮರೆಯಬೇಡಿ. ಅದು ಮಣಿಯ ಹಿಂದೆ ಸಿಕ್ಕಿಕೊಂಡು ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ತುರ್ತು.

ಬಿಳಿಚಿಕೊಂಡು ಗಟ್ಟಿಯಾದ, ಬಿರುಕು ಬಿಟ್ಟ ಅಂಚು ಇದ್ದರೆ ಅದು ಲೈಕನ್ ಸ್ಕ್ಲೆರೋಸಸ್ ಎಂಬ ರೋಗವಿರಬಹುದು. ಅಲ್ಲಿ ಬಹಳ ಸಲ ಸುನ್ನತಿಯೇ ಸರಿಯಾದ ಚಿಕಿತ್ಸೆ. ಅಂಥವರಿಗೆ ನೋವು ಹೋಗಿ ಲೈಂಗಿಕ ಸುಖ ಹೆಚ್ಚುವುದು ಸಹಜ.

ಚಿಕ್ಕ ಮಕ್ಕಳಲ್ಲಿ ಮುಂದೊಗಲು ಹಿಂದೆ ಸರಿಯದಿರುವುದು ರೋಗವಲ್ಲ, ಬೆಳವಣಿಗೆಯ ಹಂತ. ಯಾರೂ ಬಲವಂತದಿಂದ ಸರಿಸಬಾರದು. ಮೂತ್ರದ್ವಾರ ಕೆಳಬದಿಯಲ್ಲಿ ತೆರೆದುಕೊಂಡಿರುವ ಹೈಪೊಸ್ಪೇಡಿಯಸ್ ಇದ್ದರೆ ಸುನ್ನತಿ ಮಾಡಕೂಡದು, ಮುಂದೆ ಅದನ್ನು ಸರಿಪಡಿಸಲು ಆ ಚರ್ಮವೇ ಬೇಕು.

ವಯಸ್ಕರಾಗಿ ಮಾಡಿಸಿಕೊಂಡರೆ ಮೊದಲ ತಿಂಗಳುಗಳಲ್ಲಿ ಏನೇನು ಎದುರಾಗುತ್ತದೆ?

ಸಾಮಾನ್ಯವಾಗಿ ಶಿಶ್ನದ ಬುಡದಲ್ಲಿ ಲಿಡೊಕೇನ್ ಚುಚ್ಚಿ ಮರಗಟ್ಟಿಸುತ್ತಾರೆ. ಮಣಿಗೆ ಹೋಗುವ ಮುಖ್ಯ ನರಗಳು ಕಾಂಡದ ಮೇಲ್ಭಾಗದಲ್ಲಿ, ಚರ್ಮಕ್ಕಿಂತ ಆಳದ ಗಟ್ಟಿ ಪೊರೆಯ ಕೆಳಗೆ ಸಾಗುತ್ತವೆ. ಸರಿಯಾಗಿ ಮಾಡಿದ ಸುನ್ನತಿಯಲ್ಲಿ ಅವನ್ನು ಮುಟ್ಟುವುದಿಲ್ಲ.

ಮೊದಲ ವಾರದ ದೊಡ್ಡ ಕಾಟ ರಾತ್ರಿಯ ತಾನಾಗಿ ಬರುವ ನಿಮಿರುವಿಕೆ. ಹೊಲಿಗೆ ಎಳೆದು ಎಚ್ಚರವಾಗುತ್ತದೆ. ಎದ್ದು ಮೂತ್ರ ಮಾಡಿ ನಾಲ್ಕು ಹೆಜ್ಜೆ ನಡೆದರೆ ಇಳಿಯುತ್ತದೆ. ಮಲಗುವ ಮುಂಚೆ ನೀರು ಕಡಿಮೆ ಕುಡಿಯುವುದು, ಪಕ್ಕಕ್ಕೆ ಮಂಡಿ ಮಡಚಿ ಮಲಗುವುದು ನೆರವಾಗುತ್ತವೆ. ಬ್ಯಾಂಡೇಜು ಅಂಟಿಕೊಂಡಿದ್ದರೆ ಎಳೆಯದೆ ಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಿ. ರಕ್ತ ಜಿನುಗಿದರೆ ಶುಭ್ರ ಬಟ್ಟೆಯಿಂದ 10–15 ನಿಮಿಷ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡುತ್ತಿದ್ದರೆ ನಿಲ್ಲುವುದಿಲ್ಲ. ಒತ್ತಿಯೂ ನಿಲ್ಲದಿದ್ದರೆ, ಕೀವು, ಜ್ವರ ಬಂದರೆ, ಮೂತ್ರ ಕಟ್ಟಿದರೆ ತಡಮಾಡಬಾರದು.

ಕರಗುವ ಹೊಲಿಗೆ 2–3 ವಾರದಲ್ಲಿ ಉದುರುತ್ತದೆ. ಗಾಯದ ಕೆಳಗಿನ ಊತ ಅದಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ. ಸಂಭೋಗ, ಹಸ್ತಮೈಥುನ ಎರಡಕ್ಕೂ 6 ವಾರ ಬಿಡುವು. ಹೊರಗೆ ಗಾಯ ಮುಚ್ಚಿದಂತೆ ಕಂಡರೂ ಒಳಗೆ ಗಟ್ಟಿಯಾಗಿರುವುದಿಲ್ಲ, ಮೂರನೇ ವಾರದಲ್ಲಿ ಆತುರಪಟ್ಟರೆ ಗಾಯ ಬಿಚ್ಚಿಕೊಳ್ಳಬಹುದು. ಗಾಯದ ಗೆರೆಯ ಸುತ್ತ ಜುಮುಗುಟ್ಟುವುದು, ಸ್ವಲ್ಪ ಮರಗಟ್ಟಿದಂತಿರುವುದು ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಸಂವೇದನೆ ಬದಲಾಯಿತೇ ಎಂಬ ತೀರ್ಮಾನಕ್ಕೆ ಆರು ತಿಂಗಳಿಗೆ ಮುಂಚೆ ಬರಬೇಡಿ.

ಸಂಭೋಗದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಏನು?

ಮುಂದೊಗಲು ಇದ್ದಾಗ ಚರ್ಮ ಮಣಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ, ಉಜ್ಜುವಿಕೆ ಕಡಿಮೆ. ಅದು ಹೋದ ಮೇಲೆ, ಅದರಲ್ಲೂ ಚರ್ಮ ಬಿಗಿಯಾಗಿ ಕತ್ತರಿಸಿದ್ದರೆ, ಹಸ್ತಮೈಥುನಕ್ಕೆ ಜಾರುವ ದ್ರವ ಬೇಕಾಗಬಹುದು. ನೀರಿನ ಅಥವಾ ಸಿಲಿಕೋನ್ ಆಧಾರದ್ದು ಒಳ್ಳೆಯದು. ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಲೇಟೆಕ್ಸ್ ಕಾಂಡೋಮನ್ನು ಹಾಳುಮಾಡುತ್ತವೆ. ಕಾಂಡೋಮಿನೊಳಗೆ ಒಂದೆರಡು ಹನಿ ಹಾಕಿಕೊಂಡರೆ ಮಣಿಗೆ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, ಹೆಚ್ಚಾದರೆ ಕಾಂಡೋಮೇ ಜಾರಿ ಕಳಚುತ್ತದೆ.

ಸಂಗಾತಿಯ ಅನುಭವದ ಬಗ್ಗೆ ರಕಾಯ್‌ನಲ್ಲೇ ಹೆಂಗಸರನ್ನು ಕೇಳಿದಾಗ 57.3% ಮಂದಿ ಬದಲಾವಣೆಯಿಲ್ಲ ಎಂದರು, 39.8% ಸುಧಾರಿಸಿತು ಎಂದರು, 2.9% ಕಡಿಮೆಯಾಯಿತು ಎಂದರು.

ಶಸ್ತ್ರಕ್ರಿಯೆ ಕೆಟ್ಟರೆ ಸಂವೇದನೆಗೆ ಏನಾಗುತ್ತದೆ?

ಅತಿಯಾಗಿ ಚರ್ಮ ತೆಗೆದರೆ ನಿಮಿರಿದಾಗ ಎಳೆತ, ನೋವು, ಬುಡದ ಕೂದಲಿರುವ ಚರ್ಮ ಕಾಂಡದ ಮೇಲೆ ಏರಿ ಬರುವುದು ಕಾಣುತ್ತದೆ. ಮಣಿಗೂ ಕಾಂಡಕ್ಕೂ ನಡುವೆ ಚರ್ಮದ ಸೇತುವೆ ಬೆಳೆದರೆ ಒಂದು ಬದಿಗೆ ಜಗ್ಗುತ್ತದೆ, ಅದನ್ನು ಬಿಡಿಸುವುದು ಸುಲಭದ ಕೆಲಸ. ಗಾಯದಲ್ಲಿ ಕತ್ತರಿಸಿದ ಸಣ್ಣ ನರದ ತುದಿ ಗಂಟುಕಟ್ಟಿದರೆ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಮುಟ್ಟಿದರೆ ಚುರುಕ್ಕೆನ್ನುವ ನೋವು. ಇದು ವಿರಳ. ಶಿಶುಗಳಲ್ಲಿ ನುರಿತವರು ಮಾಡಿದಾಗ ತೊಡಕುಗಳು ಸುಮಾರು 1.5%, ದೊಡ್ಡ ಮಕ್ಕಳಲ್ಲಿ ಸುಮಾರು 6% ಎಂದು 2010ರ ಸಮಗ್ರ ಪರಿಶೀಲನೆಯೊಂದು ಹೇಳಿತು. ಹೆಚ್ಚಿನವು ಸಣ್ಣವು.

ಸುನ್ನತಿಯಾಗಿ ಇಪ್ಪತ್ತು ವರ್ಷವಾಯಿತು, ಈಗ ಸ್ಪರ್ಶ ಮಂದವಾಗಿದೆ. ಅದೇ ಕಾರಣವೇ?

ಇಪ್ಪತ್ತು ವರ್ಷ ಸರಿಯಾಗಿದ್ದು ಈಗ ಬದಲಾಗಿದ್ದರೆ ಕಾರಣ ಬೇರೆ ಕಡೆ ಹುಡುಕಿ. ಮೊದಲು ಸಕ್ಕರೆ ಪರೀಕ್ಷೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸಹಿತ. ಮಧುಮೇಹ ಪಾದದ ನರಗಳನ್ನು ಕೆಡಿಸಿದಂತೆ ಇಲ್ಲಿಯವನ್ನೂ ಕೆಡಿಸುತ್ತದೆ. ಖಿನ್ನತೆಗೆ ಕೊಡುವ ಸೆರ್ಟ್ರಲಿನ್, ಪ್ಯಾರಾಕ್ಸೆಟಿನ್ ಥರದ ಮಾತ್ರೆಗಳು ಪರಾಕಾಷ್ಠೆಯನ್ನು ತಡಮಾಡುತ್ತವೆ. ಅವನ್ನು ಥಟ್ಟನೆ ನಿಲ್ಲಿಸದೆ ಬರೆದುಕೊಟ್ಟ ವೈದ್ಯರೊಡನೆ ಮಾತಾಡಿ. ಬಿ12 ಕೊರತೆ, ಕುಡಿತ, ಟೆಸ್ಟೋಸ್ಟಿರಾನ್ ಕಡಿಮೆಯಾಗುವುದು, ಗಟ್ಟಿ ಸೀಟಿನ ಮೇಲೆ ಗಂಟೆಗಟ್ಟಲೆ ಸೈಕಲ್ ತುಳಿಯುವುದು ಪಟ್ಟಿಯಲ್ಲಿವೆ. ಹಸ್ತಮೈಥುನದಲ್ಲಿ ತೀರಾ ಬಿಗಿ ಹಿಡಿತ ರೂಢಿಯಾಗಿದ್ದರೆ ಸಂಭೋಗದ ಮೃದು ಸ್ಪರ್ಶ ಸಾಲದು ಎನಿಸುತ್ತದೆ. ಕೆಲವು ವಾರ ಹಗುರ ಹಿಡಿತಕ್ಕೆ, ಜಾರುದ್ರವಕ್ಕೆ ಬದಲಾಗಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಮುಂದೊಗಲನ್ನು ಮತ್ತೆ ಬೆಳೆಸಿಕೊಳ್ಳಬಹುದೇ?

ಕಾಂಡದ ಚರ್ಮವನ್ನು ದಿನವೂ ಹಗುರವಾಗಿ, ಬಹಳ ಕಾಲ ಎಳೆಯುತ್ತಾ ಬಂದರೆ ಚರ್ಮ ಹಿಗ್ಗುತ್ತದೆ, ಮಣಿ ಮುಚ್ಚುವಷ್ಟೂ ಆಗಬಹುದು. ಇದು ವರ್ಷಗಳ ಕೆಲಸ. ಮಣಿ ತೇವವಾಗಿರುವುದು, ಚರ್ಮದ ಜಾರುವಿಕೆ ಮರಳುವುದು ಇದರ ಲಾಭ. ಕತ್ತರಿಸಿ ಹೋದ ಮಡಿಕೆಯ ಪಟ್ಟಿ, ಅದರ ಮೈಸ್ನರ್ ಕಣಗಳು, ಫ್ರೆನುಲಮ್ ಮರಳುವುದಿಲ್ಲ. ಎಳೆಯುವಾಗ ನೋವು, ಬಣ್ಣ ಕಪ್ಪಾಗುವುದು, ಮಣಿ ತಣ್ಣಗಾಗುವುದು ಕಂಡರೆ ಕೂಡಲೇ ಸಡಿಲಿಸಬೇಕು. ತೂಕ ಕಟ್ಟಿಕೊಂಡು ಮಲಗುವುದು ಅಪಾಯ, ನಿದ್ದೆಯಲ್ಲಿ ರಕ್ತಸಂಚಾರ ನಿಂತರೂ ತಿಳಿಯುವುದಿಲ್ಲ.

ಶಸ್ತ್ರವೈದ್ಯರನ್ನು ಏನು ಕೇಳಬೇಕು?

ಎಷ್ಟು ಚರ್ಮ ಉಳಿಸುತ್ತೀರಿ, ಒಳಪದರ ಎಷ್ಟು ಉಳಿಯುತ್ತದೆ, ಫ್ರೆನುಲಮ್ ಉಳಿಯುತ್ತದೆಯೇ, ಈ ವಿಧಾನದಲ್ಲಿ ಎಷ್ಟು ಮಂದಿಗೆ ಮಾಡಿದ್ದೀರಿ, ಮುಲಾಮು ಅಥವಾ ಚಿಕ್ಕ ಶಸ್ತ್ರಕ್ರಿಯೆಯಿಂದ ನನ್ನ ತೊಂದರೆ ಹೋಗುವುದಿಲ್ಲವೇ. ಕತ್ತರಿಸುವ ಗೆರೆಯನ್ನು ಮರಗಟ್ಟಿಸುವ ಮುಂಚೆ ಪೆನ್ನಿನಿಂದ ಗುರುತು ಮಾಡಿ ತೋರಿಸಿ ಎನ್ನಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮನೆತನದಲ್ಲಿ ರಕ್ತಸ್ರಾವದ ರೋಗವಿದ್ದರೆ ಅವರು ಕೇಳುವ ಮೊದಲೇ ಹೇಳಿ.